ತೊಟ್ಟಿಲು-2ಕ್ಕೆ ನನ್ನ ಸರ್ವರ್ ಕೊಟ್ಟ ಉತ್ತರ

ನಾನು, ವಯಸ್ಸು 27, ಬಿ.ಎಸ್ಸಿ. ಪದವೀಧರೆ, ಏಳು ತಿಂಗಳ ಹೆಣ್ಣುಮಗುವಿನ ತಾಯಿ, ಉದ್ಯೋಗ ಮನೆಯಿಂದಲೇ ಆ್ಯಪ್ ತಯಾರಿಕೆ, ವಾಸ ನೀರಿನ ಟ್ಯಾಂಕಿನ ಹಿಂದಿನ ಕಟ್ಟಡದ ಮೂರನೇ ಮಹಡಿ (ಹೆಸರು, ಫೋನ್ ನಂಬರು ಪ್ರತ್ಯೇಕ ಹಾಳೆಯಲ್ಲಿವೆ), ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುವುದೇನೆಂದರೆ:

ಸುತ್ತಮುತ್ತಲಿನ 41 ತಾಯಂದಿರಿಗೆ ಮಕ್ಕಳ ಲಸಿಕೆಯ ದಿನ ನೆನಪಿಸುವ ಆ್ಯಪ್ ನಡೆಸುತ್ತಿದ್ದೇನೆ. ಅದನ್ನು ಇಡಲು ಈ ತಿಂಗಳು 3ರಂದು ಒಂದು ಕಂಪನಿಯಿಂದ ಲಿನಕ್ಸ್ ವರ್ಚುವಲ್ ಸರ್ವರ್, ಅಂದರೆ ಹಗಲೂ ರಾತ್ರಿ ಚಾಲೂ ಇರುವ ದೂರದ ಕಂಪ್ಯೂಟರಿನ ಒಂದು ಪಾಲು, ಬಾಡಿಗೆಗೆ ಪಡೆದೆನು. ಎದುರುಮನೆಯ ಅಕ್ಕ ಹಿಂದೊಮ್ಮೆ, ಇದೇನೇ, ಏನಾದ್ರೂ ತಪ್ಪು ಒತ್ತಿದ್ರೆ ನಿನ್ನ ಆ್ಯಪು ನಮ್ಮತ್ತೆ ಥರ ಕೆಂಪಕ್ಷರದಲ್ಲಿ ಬೈಯುತ್ತೆ ಎಂದಿದ್ದರು. ಆದ್ದರಿಂದ ಯಾರಿಂದ ಏನೇ ಬಂದರೂ “ಸರಿ, ತಲುಪಿತು” ಎಂಬ ಉತ್ತರವೇ ಹೋಗುವಂತೆ ಮಾಡಿದ್ದೆನು.

5ರಂದು ಬೆಳಗಿನ ಜಾವ ಸರ್ವರಿನ ದಾಖಲೆಯಲ್ಲಿ, ನಮಗೆ ಸೇರದ, ಯಾರದೋ ತೊಟ್ಟಿಲಲ್ಲಿ ಮಗುವಿನ ಉಸಿರು ಗಮನಿಸುವ ಒಂದು ಯಂತ್ರದಿಂದ ಐದು ನಿಮಿಷಕ್ಕೊಮ್ಮೆ “ತೊಟ್ಟಿಲು-2, ಉಸಿರು ಇದೆ, ನಿದ್ದೆ” ಎಂಬರ್ಥದ ಸಂದೇಶ ಬರುತ್ತಿರುವುದು ಕಂಡಿತು. ನನ್ನ ಗಂಡ, ಹಿಂದಿನ ಬಾಡಿಗೆದಾರರ ಕಾಗದ ನಮ್ಮ ಬಾಗಿಲಿಗೆ ಬರಲ್ವಾ, ಹಾಗೇ ಕಣೆ, ಈ ಸರ್ವರಿನ ವಿಳಾಸ ಮೊದಲು ಇನ್ಯಾರದೋ ಇತ್ತು, ತಲೆ ಕೆಡಿಸ್ಕೋಬೇಡ, ಮಲ್ಕೋ ಎಂದರು. ನಾನು ಮಲಗಲಿಲ್ಲ. ಸಂದೇಶವನ್ನು ತಡೆಯಲೂ ಇಲ್ಲ. ಮಗುವಿಗೆ ಹಾಲು ಕೊಡುವಾಗಲೆಲ್ಲ ಅದನ್ನೇ ನೋಡುತ್ತಿದ್ದೆನು. ನಮ್ಮ ಮಗು ಎಚ್ಚರವಿರುವ ಹೊತ್ತಿಗೆ ಆ ತೊಟ್ಟಿಲಿನದೂ ಎಚ್ಚರವಿರುತ್ತಿತ್ತು.

ಇಂದು 9ರಂದು ಬೆಳಿಗ್ಗೆ 11.20ಕ್ಕೆ ಮೊದಲ ಬಾರಿ “ಉಸಿರು ತಿಳಿಯುತ್ತಿಲ್ಲ” ಎಂದು ಬಂದಿದೆ. ಆಗ ನಾನು ಮಗುವಿಗೆ ಸ್ನಾನ ಮಾಡಿಸುತ್ತಿದ್ದೆನು. ನೋಡಿದ್ದು 11.52ಕ್ಕೆ. ಅಷ್ಟರಲ್ಲಿ ಏಳು ಸಲ ಅದೇ ಬಂದಿತ್ತು. ಏಳು ಸಲವೂ ನನ್ನ ಸರ್ವರ್ “ಸರಿ, ತಲುಪಿತು” ಎಂದಿತ್ತು. 11.50ರ ನಂತರ ಏನೂ ಬರಲಿಲ್ಲ.

11.54ಕ್ಕೆ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ತಮ್ಮನಿಗೆ ಫೋನ್ ಮಾಡಿದೆನು. ಅವನು, ಅಕ್ಕಾ, ಅಂಥ ಯಂತ್ರಕ್ಕೆ ಉತ್ತರ ಸಿಗದಿದ್ರೆ ಆ ಮನೆಯಲ್ಲೇ ಕಿರುಚಿಕೊಳ್ಳುತ್ತೆ, ನೀನು ಸರಿ ಸರಿ ಅಂತಿದ್ರೆ ಯಾರೋ ನೋಡ್ಕೋತಿದಾರೆ ಅಂತ ಸುಮ್ನಿರುತ್ತೆ ಎಂದನು. 11.58ಕ್ಕೆ ಆ ಯಂತ್ರಕ್ಕೆ ಹೋಗುವ ಉತ್ತರವನ್ನು ನಿಲ್ಲಿಸಿದೆನು.

12.03ಕ್ಕೆ ಬಾಡಿಗೆ ಕಂಪನಿಗೆ ಫೋನ್ ಮಾಡಲಾಗಿ, ಹಿಂದಿನ ಗ್ರಾಹಕರ ವಿವರ ಪೊಲೀಸರ ಪತ್ರವಿಲ್ಲದೆ ಕೊಡಲಾಗದೆಂದರು. ಇನ್ನೇನಾದರೂ ಸಹಾಯ ಬೇಕಾ ಮೇಡಂ ಎಂದೂ ಕೇಳಿದರು. ಫೋನ್ ಇಟ್ಟೆನು.

ಮಗುವನ್ನು ಎತ್ತಿಕೊಂಡು 1.2 ಕಿ.ಮೀ. ನಡೆದು 12.25ಕ್ಕೆ ಠಾಣೆ ತಲುಪಿದೆನು. ಎರಡು ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕಿರುವುದು ಇಲ್ಲಿ ಕುಳಿತ ಮೇಲೆ ತಿಳಿಯಿತು. ಹೇಳಿಕೆ ಬರೆದುಕೊಳ್ಳುವ ಮಹಿಳಾ ಪೇದೆಯವರು, ಮಗು ನಿಮ್ದಲ್ಲ, ತೊಟ್ಟಿಲು ನಿಮ್ದಲ್ಲ, ಮನೆ ಎಲ್ಲಿದೆಯೋ ಗೊತ್ತಿಲ್ಲ, ಏನಂತ ಬರ್ಕೊಳ್ಳಲಿ ತಾಯಿ ಎಂದರು. ನಾನು ಏಳು ಸಲ ಸರಿ ಎಂದಿದ್ದೇನೆ, ಅದನ್ನು ಬರ್ಕೊಳ್ಳಿ ಎಂದೆನು.

12.50ಕ್ಕೆ ನನ್ನ ಫೋನಿನಲ್ಲಿ ತೆರೆದಿಟ್ಟಿದ್ದ ಸರ್ವರಿನ ದಾಖಲೆಯಲ್ಲಿ “ಬ್ಯಾಟರಿ ಬದಲಾಗಿದೆ, ಉಸಿರು ಇದೆ, ನಿದ್ದೆ” ಎಂದು ಬಂತು. ಪೇದೆಯವರು ಪೆನ್ನು ಕೆಳಗಿಟ್ಟು, ಬ್ಯಾಟರಿ ಮುಗಿದಿತ್ತು ಅಷ್ಟೆ, ಅಳಬೇಡಿ, ಮುಖ ತೊಳ್ಕೊಂಡು ಮನೆಗೆ ಹೋಗಿ ಎಂದರು. ಮುಂದಕ್ಕೆ ಬರೆಯಿರೆಂದು ಕೇಳಿಕೊಂಡೆನು. ಈ ಸಲ ನನ್ನ ಸರ್ವರ್ ಉತ್ತರ ಕೊಡಲಿಲ್ಲ. 12.55ಕ್ಕೆ “ಉಸಿರು ಇದೆ, ಅಳು” ಎಂದು ಬಂತು. ಉತ್ತರ ಸಿಗದೆ ಅಲ್ಲಿ ಯಂತ್ರ ಕಿರುಚಿ ಮಗುವನ್ನು ಎಬ್ಬಿಸಿರಬೇಕು.

ಕಂಪನಿಗೆ ಪತ್ರ ಬರೆದು ಆ ಮನೆಯನ್ನು ಪತ್ತೆ ಮಾಡಿಕೊಡಬೇಕು. ಹೀಗೇ ಕಿರುಚುತ್ತಿದ್ದರೆ ಯಂತ್ರ ಕೆಟ್ಟಿದೆಯೆಂದು ಆ ತಾಯಿ ಅದನ್ನು ಆರಿಸಿಬಿಟ್ಟಾಳು. ಯಂತ್ರ ಸರಿಯಾಗಿದೆ, ಈ ಕಡೆ ಕಾಯುವವರು ಯಾರೂ ಇಲ್ಲ ಎಂದು ಅವಳಿಗೆ ತಿಳಿಸಬೇಕು.

ಮೇಲಿನದು ನಾನು ಕಂಡು, ಮಾಡಿ, ಹೇಳಿ ಬರೆಸಿದ ನಿಜಸಂಗತಿ. ಎರಡು ಸಲ ಓದಿಸಿ ಕೇಳಿದ ಮೇಲೆಯೇ ಸರಿ ಎಂದಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 9, ಮಧ್ಯಾಹ್ನ 1.10
(ಹೇಳಿಕೆದಾರಳ ಸಹಿ)