ಯಾರೂ ಖಾಲಿ ಮಾಡಬಾರದು

...ಬೇಡ, ಚಾ ಇಡಬೇಡಿ ನೀಲಾಬಾಯಿ, ಒಂದು ಲೋಟ ನೀರು ಸಾಕು. ಕೂತ್ಕೊಳ್ಳಿ. ಮಳೆ ನಿಂತದ್ದೇ ತಡ, ಎಂಥ ಬಿಸಿಲು ಈ ವಡಾಲದಲ್ಲಿ! ಸ್ಟೇಷನ್ನಿಂದ ನಡ್ಕೊಂಡೇ ಬಂದೆ. ನಿಮಗೆ ಕೊಟ್ಟದ್ದು ಇದೇ ರೂಮಾ? ಕಿಟಕಿಯೇ ಇಲ್ಲವಲ್ಲ ಮಾರಾಯ್ರೆ! ಇರ್ಲಿ, ಇದಕ್ಕೂ ಒಂದು ಅರ್ಜಿ ಬರೆಯುವಾ. ನಮ್ಮ ಚಾಳಿನ ಕಟ್ಟಡ ಬಿದ್ದರೂ ಕಮಿಟಿ ಬೀಳಲಿಲ್ಲ...

ಯಾಕೆ ಮುಖ ತಿರುಗಿಸಿದ್ರಿ? ಅಲ್ಲ, ನಾನು ಹಾಗೆ ಹೇಳಿದ್ದಲ್ಲ. ಬಾಯಿ ತಪ್ಪಿತು. ಮಗಳನ್ನು ಕಳ್ಕೊಂಡವರ ಎದುರು ಹೀಗೆಲ್ಲ... ಬಿಡಿ.

ವಿಷಯಕ್ಕೆ ಬರ್ತೇನೆ. ನಾಳೆ ಹನ್ನೊಂದು ಗಂಟೆಗೆ ವಿಚಾರಣೆಯ ಆಫೀಸರ್ ಬರ್ತಾರೆ. ಚಾಳಿನವರೆಲ್ಲ ಸೇರಿ ಕೊಡುವ ಹೇಳಿಕೆ ಇದು. ಮರಾಠಿಯಲ್ಲುಂಟು, ನಾನೇ ಓದಿ ಹೇಳ್ತೇನೆ. 'ಕಟ್ಟಡ ಅಪಾಯದಲ್ಲಿದೆ, ಖಾಲಿ ಮಾಡಿ ಎಂದು ಈ ವರ್ಷ ನಮಗೆ ಯಾರೂ ತಿಳಿಸಲಿಲ್ಲ. ವಾರ್ಡ್ ಆಫೀಸಿನಿಂದ ಯಾವ ನೋಟೀಸೂ ಬರಲಿಲ್ಲ.' ಅಷ್ಟೇ. ಎಲ್ಲರದ್ದೂ ಸೈನ್ ಆಯ್ತು, ನಿಮ್ಮದೊಂದು ಬಾಕಿ. ಸತ್ತ ಏಳು ಮಂದಿಯಲ್ಲಿ ಸೋನಾಲಿಯೇ ಚಿಕ್ಕವಳು. ತಾಯಿಯ ಮಾತಿಗೆ ಒಂದು ತೂಕ ಇರ್ತದೆ.

ನೀವೇ ಓದ್ತೀರಾ? ಓದಿ, ಓದಿ. ಅವಸರ ಇಲ್ಲ.

ನಿಮಗೆ ಗೊತ್ತುಂಟಲ್ಲ ನಾನು ಎಂಥ ಮನುಷ್ಯ ಅಂತ. ಪರೇಲಿನ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಮ್ಯಾನೇಜರ್ ಆಗಿದ್ದೆ. ರಿಟೈರ್ ಆದ ಮೇಲೆ ಹಗಲೂ ರಾತ್ರಿಯೂ ಚಾಳಿನ ಕೆಲಸ. ನಲ್ಲಿ ಬಂದಾದರೆ ಮೋನಪ್ಪಣ್ಣ, ಯಾರದ್ದಾದರೂ ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದರೆ ಮೋನಪ್ಪಣ್ಣ. ನಿಮ್ಮ ಯಜಮಾನರು ಅಣವೀರಪ್ಪ ತೀರಿಕೊಂಡಾಗ ಡೆತ್ ಸರ್ಟಿಫಿಕೇಟಿಗೆ ನಿಮ್ಮೊಟ್ಟಿಗೆ ನಾಲ್ಕು ಸಲ ಓಡಾಡಿದ್ದು ಯಾರು? ಉಪಕಾರ ಹೇಳಿಕೊಳ್ಳುವುದಲ್ಲ! ಈ ಊರಲ್ಲಿ ಲೋಕಲ್ ರೈಲಿನಲ್ಲಿ ನಿಂತ್ರೆ ಹತ್ತು ಜನರ ಎಡೆಯಲ್ಲಿ ನಮ್ಮ ಕೈ ಯಾವುದು ಅಂತ ನಮಗೇ ಗೊತ್ತಾಗುವುದಿಲ್ಲ. ಒಬ್ಬನೇ ಮನುಷ್ಯ ಅಂದರೆ ಏನೂ ಅಲ್ಲ. ಅದಕ್ಕೇ ಪ್ರತಿ ಮೀಟಿಂಗಿನಲ್ಲಿ ಹೇಳ್ತಿದ್ದೆ, 'ನಾನು' ಅನ್ನಬೇಡಿ, 'ನಾವು' ಅನ್ನಿ. ಒಬ್ಬರು ಖಾಲಿ ಮಾಡಿದರೆ ನಾಳೆ ಇನ್ನೊಬ್ಬರು, ಆಮೇಲೆ ಬಿಲ್ಡರ್ ಹೊಸ ಕಟ್ಟಡ ಕಟ್ಟಿ ನಮ್ಮನ್ನು ಒಳಗೆ ಬಿಡುವುದೇ ಇಲ್ಲ. ಯಾರೂ ಖಾಲಿ ಮಾಡಬಾರದು. ನೀವೂ ಚಪ್ಪಾಳೆ ತಟ್ಟಿದ್ರಿ ಅಲ್ವಾ?

...ತಟ್ಟಿದ್ರಿ. ನಾನು ನೋಡಿದ್ದೇನೆ.

ನನಗೇನು ದುಃಖ ಇಲ್ಲ ಅಂತ ತಿಳ್ಕೊಂಡಿದ್ದೀರಾ? ಅವತ್ತಿನಿಂದ ಊಟ ಸೇರುವುದಿಲ್ಲ. ನನ್ನ ಹೆಂಡತಿ ಸೇವಂತಿಯಂತೂ ಸಾಂತಾಕ್ರೂಜ್‌ನಲ್ಲಿ ಟಿವಿಯಲ್ಲಿ ಚಾಳ್ ಬಿದ್ದದ್ದು ನೋಡಿ ಅಲ್ಲಿಯೇ ಕುಸಿದು...

ಹಾಂ? ಏನು ಹಾಗೆ ನೋಡ್ತೀರಿ? ಹೌದು, ಸಾಂತಾಕ್ರೂಜ್. ಅವಳ ಅಣ್ಣನ ಮನೆ ಉಂಟಲ್ಲ ಅಲ್ಲಿ. ಮಂಡಿನೋವು ಅವಳಿಗೆ, ಮೆಟ್ಟಿಲು ಹತ್ತಿ ಇಳಿಯಲಿಕ್ಕೆ ಕಷ್ಟ, ಹಾಗೆ ನಾಲ್ಕು ದಿನ... ಮೊಮ್ಮಗಳೂ ಹೋಗಿದ್ದಳು. ಯಕ್ಷಿತಾಗೆ ಶಾಲೆ ರಜೆ... ಅಲ್ಲ, ರಜೆ ಇರಲಿಲ್ಲ. ಜ್ವರ. ಜ್ವರ ಇತ್ತು ಅವಳಿಗೆ.

ಕಾಗದ ಯಾಕೆ ಈಚೆ ತಳ್ಳಿದ್ರಿ?

ಮಾತಾಡಿ ಮಾರಾಯ್ರೆ. ಬೈಯುವುದಾದರೆ ಬೈದುಬಿಡಿ. ಹೀಗೆ ಸುಮ್ಮನೆ ಕೂತ್ರೆ ನಾನೆಂತ ಮಾಡುವುದು?

...ಬಂದಿತ್ತು. ನೋಟೀಸು ಬಂದಿತ್ತು. ಗುರುವಾರ ಮಧ್ಯಾಹ್ನ. ವಾರ್ಡ್ ಆಫೀಸಿನ ಎಂಜಿನಿಯರ್, ಪಾಪ, ಚಿಕ್ಕ ಪ್ರಾಯದವರು. ಕೆಳಗಿನ ಕಂಬಕ್ಕೆ ಸುತ್ತಿಗೆಯಲ್ಲಿ ಒಂದು ಪೆಟ್ಟು ಹಾಕಿದರು, ಅಂಗೈಯಷ್ಟು ಸಿಮೆಂಟು ಉದುರಿ ಬಿತ್ತು. 'ಕಾಕಾ, ಈ ಸಲ ತಮಾಷೆ ಅಲ್ಲ, ಇವತ್ತೇ ಎಲ್ಲರಿಗೂ ಹೇಳಿ' ಅಂತ ಕಾಗದ ನನ್ನ ಕೈಗೆ ಕೊಟ್ಟು ಹೋದರು. ನಾನು ಗೋಡೆಗೆ ಅಂಟಿಸಲಿಲ್ಲ. ಪ್ರತಿ ಮಳೆಗಾಲ ಬರ್ತದೆ ನೋಟೀಸು, ಹಿಂದೆ ಏನಾದರೂ ಆಗಿದೆಯಾ? ಭಾನುವಾರ ಮೀಟಿಂಗ್ ಕರೆದು ಹೇಳುವಾ ಅಂದುಕೊಂಡೆ. ಆಣೆ ಮಾಡ್ತೇನೆ, ನಾನು ಅದನ್ನು ನಂಬಲಿಲ್ಲ.

ನಂಬದಿದ್ದರೆ ಸೇವಂತಿಯನ್ನೂ ಮಗುವನ್ನೂ ಯಾಕೆ ಕಳಿಸಿದೆ ಅಂತಲಾ? ಕೇಳಿ! ಬಾಯಿ ಬಿಟ್ಟು ಕೇಳಿ!

...ಶುಕ್ರವಾರ ಸಂಜೆ ಟ್ಯಾಕ್ಸಿ ಕರೆಸಿ ಕಳಿಸಿದೆ. ನಾನು ಅಲ್ಲೇ ಉಳಿದೆ, ಓಡಿಹೋಗಲಿಲ್ಲ. ಆದರೆ ಬೂಟು ಹಾಕಿಕೊಂಡೇ ಮಲಗಿದ್ದೆ ನೀಲಾಬಾಯಿ, ಬಾಗಿಲ ಬುಡದಲ್ಲಿ.

ಸರಿ. ಸೈನ್ ಬೇಡ. ನಾಳೆ ಆಫೀಸರ ಹತ್ತಿರ ನಾನೇ ಹೇಳ್ತೇನೆ, ಕಾಗದ ನನ್ನ ಕೈಗೆ ಬಂದಿತ್ತು, ಮುಚ್ಚಿಟ್ಟವನು ನಾನೇ ಅಂತ. ಆಯ್ತಾ? ಜೈಲಿಗೆ ಹಾಕಲಿ. ಅರುವತ್ತೇಳು ಆಯ್ತು ನನಗೆ, ಇನ್ನೆಂತ ಉಂಟು... ಆಯ್ತಲ್ಲ ಈಗ?

ಇನ್ನೂ ನೋಡ್ತಾ ಇದ್ದೀರಿ. ಇನ್ನೆಂತ ಬೇಕು ನಿಮಗೆ? ಎಲ್ಲ ಹೇಳಿದ್ದೇನೆ!

...ಇಲ್ಲ. ಎಲ್ಲ ಹೇಳಲಿಲ್ಲ.

ಚಾಳ್ ಬಿದ್ದ ದಿನ, ಶನಿವಾರ ಬೆಳಿಗ್ಗೆ, ನೀವು ಕೆಲಸಕ್ಕೆ ಹೋಗಿ ಆಗಿತ್ತು. ಸೋನಾಲಿ ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದಳು. ಎಂಟೂವರೆ ಆಗಿರಬೇಕು. ನಾನು ಪೇಪರ್ ತರಲಿಕ್ಕೆ ಇಳೀತಿದ್ದೆ, ಮೆಟ್ಟಿಲಲ್ಲಿ ಸಿಕ್ಕಿದಳು. 'ಅಂಕಲ್, ನಿನ್ನೆ ಆಂಟಿ, ಯಕ್ಷಿತಾ ಬ್ಯಾಗ್ ತಗೊಂಡು ಟ್ಯಾಕ್ಸಿಯಲ್ಲಿ ಹೋದ್ರು ನಾ? ಬಿಲ್ಡಿಂಗ್ ಗಿರೇಗಾ ಕ್ಯಾ, ಬೀಳ್ತದಾ? ನಾವ್ ಭೀ ಹೋಗಬೇಕಾ?' ನಗ್ತಾ ಕೇಳಿದ್ದು. ಕಣ್ಣು ತುಂಬ ನಿದ್ದೆ ಇತ್ತು ಅವಳಿಗೆ. ಹೂಂ ಅಂದಿದ್ದರೆ ಸಾಕಿತ್ತು. ಅಲ್ಲಿಂದಲೇ ತಿರುಗಿ ಹೋಗ್ತಿದ್ದಳು. ಬಾಯಿಗೆ ಬಂದಿತ್ತು. ಆದರೆ ಅವಳಿಗೆ ಹೇಳಿದ್ರೆ ಹತ್ತು ನಿಮಿಷದಲ್ಲಿ ಇಡೀ ಚಾಳಿಗೆ ಗೊತ್ತಾಗ್ತದೆ, ಮೋನಪ್ಪ ತನ್ನವರನ್ನು ಮೊದಲೇ ಸಾಗಿಸಿದ ಅಂತ. ನನ್ನ ಮರ್ಯಾದೆ... ಅಷ್ಟೇ ನೀಲಾಬಾಯಿ. ಬೇರೆ ಏನೂ ಅಲ್ಲ.

'ಅಂಥದ್ದೆಂತ ಇಲ್ಲ ಮಗಾ, ಹೋಗಿ ಮಲಕ್ಕೋ' ಅಂದೆ.

ಹೋದಳು. ನಾನು ಗೇಟಿನವರೆಗೆ ಬಂದಿರಲಿಲ್ಲ, ಮೇಲೆ ಅವಳು ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸಿತು.