ಹಳೇಪಟ್ಣದ ದೋಣಿ ಭಾನುವಾರ ಯಾರಿಗೆ?

ಪ್ರವಾಸಿ ಸಮಿತಿ ಅಧ್ಯಕ್ಷರಾದ ಮಹದೇವಪ್ರಸಾದ್ ಅವ್ರೇ, ಕೋಟೆ ತಾಲ್ಲೂಕು ಆಫೀಸಿಂದ ಬಂದಿರೋ ಸಾಹೇಬ್ರೇ, ವೀಕೆಂಡು ಅಂತ ಬ್ಯಾಗು ಹಾಕ್ಕೊಂಡು ಬಂದಿರೋ ಅತಿಥಿಗಳೇ, ಹಿಂದ್ಗಡೆ ಚಾಪೆ ಮೇಲೆ ಕೂತಿರೋ ನಮ್ಮೂರ ಸಭಿಕರೇ.

ನಾನು ಬೆಟ್ಟಸ್ವಾಮಿ. ಎಂಟನೇ ಕ್ಲಾಸಿಗೆ ಸ್ಕೂಲು ಬುಟ್ಟೋನು. ದೋಣಿ ನಡೆಸ್ತೀನಿ. ಒಂದು ತಿಂಗಳಿಂದ ನೀಲಿ ಷರ್ಟು ಕೊಟ್ಟು ಗೈಡು ಮಾಡವ್ರೆ. ಇದನ್ನ ಓದು ಅಂತ ಅಧ್ಯಕ್ಷರು ಹಾಳೆ ಕೊಟ್ರು. ‘ಕಬಿನಿ ದಡದ ಐತಿಹಾಸಿಕ ಬಂದರು ನಗರಕ್ಕೆ ಸುಸ್ವಾಗತ.’ ಓದ್ದೆ. ಆಯ್ತಲ್ಲ?

ಈಗ ನಂದು ಕೇಳಿ. ಟೈಮಾಯ್ತು ಅಂತ ಚೀಟಿ ಕಳಿಸ್ಬ್ಯಾಡಿ.

ಹಳೇಪಟ್ಣ ಬಂದರಾಗಿತ್ತು, ನಿಜ. ಭತ್ತ, ಬೆಲ್ಲ, ಕಾಡಿನ ಜೇನು ಎಲ್ಲಾ ಇಲ್ಲಿಂದಲೇ ದೋಣಿ ಹತ್ತುತಿತ್ತು. ಬೇಸಿಗೇಲಿ ಹಿನ್ನೀರು ಇಳಿದ್ರೆ ಕಲ್ಮೆಟ್ಲು ಕಾಣ್ತವೆ, ನೀವು ಫೋಟೊ ತೆಗೀತೀರಿ. ತೆಗೀರಿ. ಆದ್ರೆ ಬಂದರು ಅಂದ್ರೆ ಮೆಟ್ಲಾ? ಅತ್ತ ದಡದಲ್ಲಿ ಯಾರೋ ‘ಓ ದೋಣೀ’ ಅಂದ್ರೆ ಇತ್ತಿಂದ ಹೊರಡಬೇಕು. ಯಾರು ಅಂತ ಕೇಳಂಗಿಲ್ಲ. ನಮ್ಮ ತಾತ ಮರಿಯಯ್ಯ ತಟ್ಟೆ ಬುಟ್ಟು ಎದ್ದು ಹೋಗ್ತಿದ್ದ. ಒಂದಿನಾನೂ ಬಿಸಿ ಮುದ್ದೆ ಉಣ್ಣದೇ ಸತ್ತ ಮನುಷ್ಯ. ನಗಿ, ಪರವಾಗಿಲ್ಲ.

ಸಮಿತಿ ಏನು ಮಾಡ್ತು? ಶನಿವಾರ, ಭಾನುವಾರ ಬುಕ್ಕಿಂಗ್ ಇರೋರಿಗೆ ಮಾತ್ರ ದೋಣಿ ಅಂತ ಬೋರ್ಡು ಹಾಕ್ತು. ನಾನೂ ತಲೆ ಆಡಿಸ್ದೆ.

ಹೋದ ಭಾನುವಾರ ದೋಣಿ ತುಂಬ ಅತಿಥಿಗಳು. ಒಬ್ರು, ಇಲ್ಲಿಗೆ ಹಡಗು ಬತ್ತಿತ್ತಾ ಅಂದ್ರು. ಬತ್ತಿತ್ತು ಅಂದೆ. ಕಬಿನೀಲಿ ಹಡಗು! ಎಂಥಾ ಸುಳ್ಳು ನೋಡಿ. ಅಷ್ಟರಲ್ಲಿ ಅತ್ತ ದಡದಿಂದ ಕೂಗು ಬಂತು. ನಮ್ಮಜ್ಜಿ ಸಾಕಮ್ಮ, ಮಗಳ ಮನೆಯಿಂದ ವಾಪಸ್ ಬರ್ತಾವ್ಳೆ. ನಾನು ತಿರುಗಿ ನೋಡ್ನಿಲ್ಲ. ಹಡಗಿನ ಕಥೆ ಇನ್ನೂ ಉದ್ದ ಮಾಡ್ದೆ. ಅವಳು ಎರಡು ಗಂಟೆ ಬಿಸಿಲಲ್ಲಿ ನಿಂತು, ಸೇತುವೆ ಬಳಸ್ಕೊಂಡು ಹನ್ನೊಂದು ಕಿಲೋಮೀಟರ್ ನಡೆದು ಬಂದ್ಳು. ಹಿಮ್ಮಡಿ ಪೂರ್ತಿ ಬೊಬ್ಬೆ.

ಗಾಳಿ ಜಾಸ್ತಿ ಇತ್ತು, ಕೇಳಿಸ್ನಿಲ್ಲ ಅಂದೆ.

“ನಿನ್ ಕಿವಿ ಚೆನ್ನಾಗೇ ಐತೆ ಕಣ್ಲಾ. ಷರ್ಟು ಬಿಗಿಯಾಗೈತೆ,” ಅಂದ್ಳು.

ಅಷ್ಟೇ. ಅವತ್ತಿಂದ ಮಾತಿಲ್ಲ. ತಟ್ಟೆ ಇಡ್ತಾಳೆ, ಒಳಕ್ಕೆ ಹೋಗ್ತಾಳೆ. ಬೈದಿದ್ರೆ ತಡ್ಕೋಬಹುದಿತ್ತು. ಒಂದು ವಾರದಿಂದ ನಂಗೆ ಕೂತ್ರೆ ನಿಲ್ಲಂಗೆ, ನಿಂತ್ರೆ ಓಡಂಗೆ ಆಗ್ತೈತೆ.

ಅಧ್ಯಕ್ಷರೇ, ನಾಳೆಯಿಂದ ಅತ್ತ ದಡದೋರು ಕೂಗಿದ್ರೆ ಕಥೆ ಅರ್ಧಕ್ಕೇ ಬುಟ್ಟು ಹೋಗ್ತೀನಿ. ಅತಿಥಿಗಳು ಕೂತಿರ್ಲಿ, ಜೊತೇಲೇ ಬರ್ಲಿ. ಒಪ್ಪದಿದ್ರೆ ಬೇರೆ ಗೈಡು ನೋಡ್ಕಳಿ. ದೋಣಿ ನಮ್ಮ ತಾತಂದು.

ಅಜ್ಜಿ ಅಲ್ಲಿ ಕಂಬದ ಪಕ್ಕ ಕೂತವ್ಳೆ. ಮನೇಲಿ ಯೋಳಕ್ಕೆ ಬಾಯಿ ಬರ್ನಿಲ್ಲ, ಮೈಕಲ್ಲಿ ಯೋಳ್ತೀನಿ. ಎಲ್ಲಾರ್ಗೂ ಥ್ಯಾಂಕ್ಸು, ನಮಸ್ಕಾರ. ಅಜ್ಜಿ, ಅವತ್ತು ಗಾಳಿ ಇರ್ನಿಲ್ಲ. ನೀನು ನನ್ ಹೆಸ್ರು ಹಿಡಿದು ಕೂಗಿದ್ದೂ ಕೇಳಿಸ್ತು.