ಅಳಿಸಿದ ಗುರುತು

೨೦೦೯ರ ಒಂದು ಶನಿವಾರ ಬೆಳಿಗ್ಗೆ. ಗವಿಪುರದ ಅಶ್ವತ್ಥಕಟ್ಟೆಯೆದುರಿನ ಕಲ್ಲುಬೆಂಚಿನ ಮೇಲೆ ಕೂತ ತುಳಸಮ್ಮ, ಮಕ್ಕಳಾಗಲೆಂದು ಮರ ಸುತ್ತುತ್ತಿದ್ದ ಸೊಸೆ ಮೈತ್ರೇಯಿಯನ್ನು ಕಾಯುತ್ತಿದ್ದರು. ಪಕ್ಕದಲ್ಲಿ ಪರಿಚಯವಿಲ್ಲದ ಇಬ್ಬರು ಹೆಂಗಸರು ದಣಿವಾರಿಸಿಕೊಳ್ಳುತ್ತಿದ್ದರು. ಒಬ್ಬಳ ಸೀರೆ ಇನ್ನೂ ಒದ್ದೆಯಿತ್ತು. ಬೇಡವೆಂದರೂ ಅವರ ಮಾತು ಕಿವಿಗೆ ಬಿತ್ತು.

“ಮನೆ ಕಂಪ್ಯೂಟರ್‌ನಲ್ಲಿ ಯಾವ ಸೈಟ್ ತೆಗೆದ್ರೂ ಗಂಡಸರ ಬಂಜೆತನದ ಚಿಕಿತ್ಸೆ ಅಂತ ಜಾಹೀರಾತು ಕಣೇ,” ಎಂದಳು ಒದ್ದೆ ಸೀರೆಯವಳು.

“ಅದ್ಯಾಕೆ ಬರತ್ತೆ?” ಗೆಳತಿ ಕೇಳಿದಳು.

“ಒಂದ್ಸಲ ನೋಡಿದ ಸೈಟು ಬ್ರೌಸರ್‌ನಲ್ಲಿ ಗುರುತು ಇಟ್ಟು ಹೋಗತ್ತೆ. ಆಮೇಲೆ ಎಲ್ಲಿ ಹೋದ್ರೂ ಅದೇ ಬೆನ್ನು ಹತ್ತತ್ತೆ.”

“ಹಾಗಾದ್ರೆ ನೋಡಿದ್ದು ನಿಮ್ಮನೆಯವ್ರು!”

“ಹೂಂ. ದೋಷ ತಮ್ಮದೇ ಅಂತ ಅವರಿಗೆ ಮೊದಲಿಂದ್ಲೂ ಗೊತ್ತಿತ್ತು.”

“ನಿಮ್ಮತ್ತೆ ನೋಡಿದ್ರಾ?”

“ಕಂಪ್ಯೂಟರ್‌ನಲ್ಲಿ ಪಂಚಾಂಗ ನೋಡಕ್ಕೆ ಅವರು ಬರೋಷ್ಟರಲ್ಲಿ ಆ ಗುರುತೆಲ್ಲಾ ಅಳಿಸ್ಬಿಟ್ಟೆ. ಇನ್ಮೇಲೆ ಯಾವ ಸೈಟೂ ಗುರುತು ಇಡದ ಹಾಗೆ ಸೆಟ್ಟಿಂಗೂ ಬದಲಾಯಿಸ್ದೆ.”

“ಹುಚ್ಚಿ! ನೋಡಿದ್ದಿದ್ರೆ ನಿನ್ನ ಬಂಜೆ ಅನ್ನೋದಾದ್ರೂ ನಿಲ್ತಿತ್ತು.”

“ನಮ್ಮನೆಯವ್ರು ಅವರಮ್ಮನ ಮುಂದೆ ತಲೆ ತಗ್ಗಿಸೋದು ನೋಡಕ್ಕಾಗಲ್ಲ ಕಣೇ. ಆ ನಾಚಿಕೆ ನಂಗೇ ಇರ್ಲಿ. ಏಳು, ಇನ್ನೂ ಸುತ್ತು ಬಾಕಿ ಇದೆ. ಕಡಿಮೆ ಮಾಡಿದ್ರೆ ಅತ್ತೆ ಬಯ್ತಾರೆ.”

ಇಬ್ಬರೂ ಎದ್ದು ಮರದತ್ತ ಹೋದರು.

ತುಳಸಮ್ಮ ಸೊಸೆಯನ್ನು ಡಾಕ್ಟರಿಂದ ಡಾಕ್ಟರಿಗೆ ಅಲೆಸಿದ್ದರು. ಮಗನನ್ನು ಒಂದು ಮಾತೂ ಕೇಳಿರಲಿಲ್ಲ. ಮೈತ್ರೇಯಿ ಮತ್ತೊಂದು ಸುತ್ತು ಬಂದಾಗ ಅವರಿಗೆ ತಲೆಯೆತ್ತಲಾಗಲಿಲ್ಲ.

“ಸಾಕು, ಬಾಮ್ಮ. ಮನೆಗೆ ಹೋಗೋಣ.”

“ಇನ್ನೂ ಮುಗಿದಿಲ್ಲ, ಅತ್ತೆ.”

“ಗೊತ್ತು. ಬಾ.”